ತೊಟ್ಟಿಯಷ್ಟೇ ಮೀನು ಬೆಳೆಯುತ್ತದೆಯೇ?

ಬೋಧನಾಭ್ಯಾಸಕ್ಕೆ ನಾವು ಹೋಗುವ ಶಾಲೆಗಳಲ್ಲಿ ಸುಸಜ್ಜಿತ ಪ್ರಯೋಗಾಲಯ ಇರಲಿ, ಇಲ್ಲದಿರಲಿ, ಸಿಬ್ಬಂದಿ ಕೊಠಡಿಯ ಮೂಲೆಯಲ್ಲೋ ವರಾಂಡದಲ್ಲೋ ಒಂದು ಗಾಜಿನ ಮೀನಿನ ತೊಟ್ಟಿ ಇರುವುದುಂಟು. ಅದರಲ್ಲಿ ಬಣ್ಣದ ಮೀನುಗಳ ಜೊತೆಗೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಅಲುಗಾಡದೆ ಕೂತ, ಮೈತುಂಬ ಕಂದು ಮಚ್ಚೆಗಳಿರುವ ಮೀನೊಂದು ಹೆಚ್ಚಾಗಿ ಕಾಣಸಿಗುತ್ತದೆ. ಅಂಗಡಿಯವರು ಅದನ್ನು ‘ಸಕ್ಕರ್’ ಎನ್ನುತ್ತಾರೆ, ಕೆಲವರು ‘ಟ್ಯಾಂಕ್ ಕ್ಲೀನರ್’ ಎನ್ನುತ್ತಾರೆ. ಮೀನು ಸಾಕುವವರ ಬಾಯಲ್ಲಿ ಅದರ ಹೆಸರು ಪ್ಲೆಕೊ.

ಈ ಮೀನಿನ ಬಗ್ಗೆ ಶಾಲೆಗಳಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ. ಅದು ತೊಟ್ಟಿಯನ್ನು ತಾನೇ ಶುಚಿಯಾಗಿಡುತ್ತದೆ ಎಂಬುದು ಒಂದು. ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತದೆ ಎಂಬುದು ಇನ್ನೊಂದು. ಮಕ್ಕಳು ಇವನ್ನು ಶಿಕ್ಷಕರಿಂದಲೇ ಕೇಳಿ ನಂಬುತ್ತಾರೆ. ಎರಡೂ ತಪ್ಪು ಪರಿಕಲ್ಪನೆಗಳು. ಎರಡನೆಯದು ತರಗತಿಯೊಳಗೆ ನಿಲ್ಲದೆ ಊರ ಕೆರೆಯವರೆಗೂ ಹೋಗುವುದರಿಂದ ಹೆಚ್ಚು ಹಾನಿಕರ. ಜೀವಂತ ಪ್ರಾಣಿಯನ್ನು ಬೋಧನೋಪಕರಣವಾಗಿ ಬಳಸುವ ಪ್ರತಿಯೊಂದು ಪಾಠಯೋಜನೆಯೂ ‘ಇದು ಎಷ್ಟು ದೊಡ್ಡದಾಗುತ್ತದೆ? ಪಾಠ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂಬುದು ನನ್ನ ವಾದ. ಅದಕ್ಕೆ ಪ್ಲೆಕೊಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಿಜವಾಗಿ ಎಷ್ಟು ಬೆಳೆಯುತ್ತದೆ?

ಪ್ಲೆಕೊ ಎನ್ನುವುದು ಒಂದೇ ಮೀನಿನ ಹೆಸರಲ್ಲ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಸಿಹಿನೀರಿನಲ್ಲಿರುವ ಲೋರಿಕಾರಿಡೆ ಕುಟುಂಬದ ಅನೇಕ ಮೀನುಗಳಿಗೆ ಈ ಹೆಸರಿದೆ. ಮೈಮೇಲೆ ಮೂಳೆಫಲಕಗಳ ಕವಚ, ಕೆಳಮುಖವಾದ ಹೀರುಬಾಯಿ ಇವುಗಳ ಗುರುತು. 1758ರಲ್ಲಿ ಲಿನೇಯಸ್ ಇವುಗಳಲ್ಲೊಂದಕ್ಕೆ ‘ಪ್ಲೆಕೊಸ್ಟೋಮಸ್’ ಎಂಬ ಪ್ರಭೇದನಾಮ ಕೊಟ್ಟ. ಗ್ರೀಕ್‌ನಲ್ಲಿ ‘ಮಡಿಚಿದ ಬಾಯಿ’ ಎಂದು ಅರ್ಥ. ಆ ಮೀನು ಈಗ ಹೈಪೊಸ್ಟೋಮಸ್ ಕುಲದಲ್ಲಿದೆ. ಆದರೆ ಇಂದು ಅಂಗಡಿಗಳಲ್ಲಿ ಸಾಮಾನ್ಯ ಪ್ಲೆಕೊ ಎಂದು ಸಿಗುವುದು ಹೆಚ್ಚಾಗಿ ಅಮೆಜಾನ್ ಕಡೆಯ ಟೆರಿಗೊಪ್ಲಿಕ್ಥಿಸ್ ಕುಲದ ಮೀನುಗಳು. ವ್ಯತ್ಯಾಸ ತಿಳಿಯಲು ಬೆನ್ನಿನ ಈಜುರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳನ್ನು ಬಿಟ್ಟು ಉಳಿದ ಕಡ್ಡಿಗಳನ್ನು ಎಣಿಸಬೇಕು. ಹೈಪೊಸ್ಟೋಮಸ್‌ನಲ್ಲಿ ಸಾಮಾನ್ಯವಾಗಿ 7 ಇರುತ್ತವೆ. ಟೆರಿಗೊಪ್ಲಿಕ್ಥಿಸ್‌ನಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು, ಬಹುಪಾಲು 11ರಿಂದ 13. ವರ್ಗೀಕರಣದ ಪಾಠಕ್ಕೆ ಇದೇ ಒಂದು ಚಟುವಟಿಕೆಯಾಗುತ್ತದೆ.

ಈಗ ಅಳತೆಗೆ ಬರೋಣ. ಅಂಗಡಿಯಲ್ಲಿ ಕೊಳ್ಳುವಾಗ ಮರಿ 5ರಿಂದ 8 ಸೆಂ.ಮೀ., ಅಂದರೆ ಹೆಬ್ಬೆರಳಿನಷ್ಟು. ಒಳ್ಳೆಯ ನೀರು, ಸಾಕಷ್ಟು ಆಹಾರ ಸಿಕ್ಕರೆ ಮೊದಲ ಒಂದೆರಡು ವರ್ಷಗಳಲ್ಲೇ 25–30 ಸೆಂ.ಮೀ. ತಲುಪಬಲ್ಲದು. ಪೂರ್ಣ ಬೆಳೆದ ಸಾಮಾನ್ಯ ಪ್ಲೆಕೊ 40ರಿಂದ 50 ಸೆಂ.ಮೀ. ಇರುತ್ತದೆ, ಹೊಂಡ, ಜಲಾಶಯಗಳಲ್ಲಿ ಇನ್ನೂ ಉದ್ದದವು ಸಿಗುವುದುಂಟು. ಆಯುಸ್ಸು 10–15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಹೆಬ್ಬೆರಳುದ್ದ ತಂದದ್ದು ಎರಡು ವರ್ಷಕ್ಕೆ ಗೇಣು ದಾಟಿ, ಕೊನೆಗೆ ಮೊಳದುದ್ದವಾಗುತ್ತದೆ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಮಕ್ಕಳಿಗೆ ಸೆಂಟಿಮೀಟರಿನ ಜೊತೆಗೆ ಈ ಅಳತೆಯನ್ನೂ ಹೇಳಿದರೆ, ತಮ್ಮ ಕೈಯನ್ನೇ ಚಾಚಿ ನೋಡಿಕೊಳ್ಳುತ್ತಾರೆ. ಸಂಖ್ಯೆ ಹೇಳಿದಾಗ ಬಾರದ ಬೆರಗು ಆಗ ಬರುತ್ತದೆ.

ಎಲ್ಲ ಪ್ಲೆಕೊಗಳೂ ಇಷ್ಟು ಬೆಳೆಯುವುದಿಲ್ಲ. ಮೂತಿಯ ಮೇಲೆ ಮೀಸೆಯಂಥ ಎಳೆಗಳಿರುವ ಆನ್ಸಿಸ್ಟ್ರಸ್ ಕುಲದ ‘ಬ್ರಿಸಲ್‌ನೋಸ್’ ಸಾಮಾನ್ಯವಾಗಿ 12–15 ಸೆಂ.ಮೀ.ಗೆ ನಿಲ್ಲುತ್ತದೆ. ಬೆಳವಣಿಗೆಯ ಮಿತಿಯನ್ನು ಮುಖ್ಯವಾಗಿ ನಿರ್ಧರಿಸುವುದು ಪ್ರಭೇದ, ತೊಟ್ಟಿಯಲ್ಲ ಎನ್ನಲು ಈ ಹೋಲಿಕೆಯೇ ಸಾಕು. ಎಷ್ಟು ದೊಡ್ಡ ತೊಟ್ಟಿಯಲ್ಲಿಟ್ಟರೂ ಬ್ರಿಸಲ್‌ನೋಸ್ ಮೊಳದುದ್ದವಾಗುವುದಿಲ್ಲ.

ಒಂಬತ್ತರ ಘನ

ಉದ್ದವನ್ನು ಮಾತ್ರ ಹೇಳಿ ಬಿಟ್ಟರೆ ಪಾಠ ಅರ್ಧಕ್ಕೆ ನಿಂತಂತೆ. 5 ಸೆಂ.ಮೀ. ಮೀನು 45 ಸೆಂ.ಮೀ. ಆದರೆ ಉದ್ದ 9 ಪಟ್ಟು. ಮೈಯ ಆಕಾರ ಹೆಚ್ಚುಕಡಿಮೆ ಹಾಗೆಯೇ ಉಳಿದರೆ ಅಗಲವೂ ಎತ್ತರವೂ 9 ಪಟ್ಟು. ಹಾಗಾಗಿ ತೂಕ 9 × 9 × 9, ಅಂದರೆ 729 ಪಟ್ಟು. ಮರಿಯ ತೂಕ ಒಂದು ಗ್ರಾಂ ಎಂದು ಇಟ್ಟುಕೊಂಡರೆ ದೊಡ್ಡ ಮೀನು ಮುಕ್ಕಾಲು ಕಿಲೋಗೆ ಹತ್ತಿರ. ಘನಗಳು ಮತ್ತು ಘನಮೂಲಗಳು ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ 729 ಎಂಬ ಸಂಖ್ಯೆಗೆ ಇಲ್ಲಿ ಜೀವ ಬರುತ್ತದೆ. ಅಂಗಡಿಯಲ್ಲಿ ನಾವು ಕೊಳ್ಳುವುದು ಒಂದು ಗ್ರಾಂ ಮೀನನ್ನು. ಒಪ್ಪಿಕೊಳ್ಳುವ ಹೊಣೆ ಅದರ ಏಳುನೂರು ಪಟ್ಟಿನದು.

ಇನ್ನು ತೊಟ್ಟಿಯ ಲೆಕ್ಕ. ಶಾಲೆಗಳಲ್ಲಿ ಕಾಣುವ ಎರಡಡಿ ತೊಟ್ಟಿ ಸುಮಾರು 60 × 30 × 30 ಸೆಂ.ಮೀ. ಅಂಚಿನವರೆಗೆ ತುಂಬಿದರೂ 54 ಲೀಟರ್. ಬೋಧನಾಭ್ಯಾಸದ ಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳಿಂದ ನಾನು ಮಾಡಿಸಿದ ಒಂದು ಚಟುವಟಿಕೆಯನ್ನು ಸಹಪಾಠಿಗಳಿಗೆ ಶಿಫಾರಸು ಮಾಡುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಿಂದ 60 × 30ರ ಆಯತ ಬರೆಯಬೇಕು. ರಟ್ಟಿನಲ್ಲಿ 45 ಸೆಂ.ಮೀ. ಉದ್ದದ ಮೀನನ್ನು ಕತ್ತರಿಸಿ, ಗೆರೆ ಮುಟ್ಟದಂತೆ ಅದನ್ನು ಹಿಂದುಮುಂದಾಗಿ ತಿರುಗಿಸಲು ಹೇಳಬೇಕು. ಆಗುವುದಿಲ್ಲ. ಜೀವಂತ ಮೀನು ರಟ್ಟಿನಷ್ಟು ಸೆಟೆದಿರುವುದಿಲ್ಲ, ನಿಜ, ಬಾಲವನ್ನು ಬಾಗಿಸಬಲ್ಲದು. ಆದರೂ ಮೈಮೇಲೆ ಮೂಳೆಯ ಕವಚ ಹೊತ್ತ ಮೀನು ಹಾವಿನಂತೆ ಬಳುಕಲಾರದು. ಒಬ್ಬ ಹುಡುಗ ರಟ್ಟನ್ನು ಮೂಲೆಯಿಂದ ಮೂಲೆಗೆ ಇಟ್ಟು, “ಮಿಸ್, ಹಿಂಗೆ ನಿಂತ್ಕೊಂಡೇ ಇರ್ಬೇಕಾ ಅದು?” ಎಂದು ಕೇಳಿದ. ಪ್ರಾಣಿಗಳ ಯೋಗಕ್ಷೇಮದ ಬಗ್ಗೆ ನಾನು ಅರ್ಧಗಂಟೆ ಮಾತನಾಡಿದ್ದರೂ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಹಾಗಾದರೆ ಎಷ್ಟು ದೊಡ್ಡ ತೊಟ್ಟಿ ಬೇಕು? ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದುಕೊಳ್ಳಿ: 180 × 60 × 60 ಸೆಂ.ಮೀ. ಅದು 648 ಲೀಟರ್. ನೀರಿನ ತೂಕವೇ 648 ಕಿಲೋ. ಯಾವ ಶಾಲೆಯ ಮೇಜು ಅದನ್ನು ಹೊರುತ್ತದೆ?

ಸಣ್ಣ ತೊಟ್ಟಿಯ ಮೀನು ಸಣ್ಣದಾಗಿಯೇ ಇರುವುದೇಕೆ?

“ನಮ್ಮ ಶಾಲೆ ಮೀನು ನಾಲ್ಕು ವರ್ಷದಿಂದ ಗೇಣುದ್ದವೇ ಇದೆಯಲ್ಲಮ್ಮ, ನೀವು ಮೊಳ ಅಂತೀರಿ” ಎಂದು ಆ ಶಾಲೆಯ ಹಿರಿಯ ಶಿಕ್ಷಕರೊಬ್ಬರು ನನ್ನನ್ನು ಕೇಳಿದರು. ಅವರ ವೀಕ್ಷಣೆ ಸರಿಯಾಗಿಯೇ ಇತ್ತು. ಚರ್ಚೆಯಾಗಬೇಕಾದದ್ದು ಅದಕ್ಕೆ ಕೊಡುವ ವಿವರಣೆ.

ಮೀನಿನ ಮಲಮೂತ್ರದಿಂದ, ಕಿವಿರುಗಳಿಂದ ಅಮೋನಿಯ ನೀರಿಗೆ ಸೇರುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ನೀರು ಕಡಿಮೆಯಿದ್ದಷ್ಟೂ ಇವುಗಳ ಸಾಂದ್ರತೆ ಬೇಗ ಏರುತ್ತದೆ. ಕರಗಿದ ಆಮ್ಲಜನಕ ಸಾಲದೆ ಬರಬಹುದು. ಅದರ ಮೇಲೆ ‘ಪಾಚಿ ತಿಂದುಕೊಂಡಿರುತ್ತದೆ’ ಎಂದು ಯಾರೂ ಆಹಾರ ಹಾಕುವುದಿಲ್ಲ. ಎರಡಡಿ ಗಾಜಿನ ಮೇಲಿನ ಪಾಚಿ ಗೇಣುದ್ದದ ಮೀನಿಗೆ ಎಷ್ಟು ದಿನ ಬಂದೀತು? ಹೀಗೆ ಕೆಟ್ಟ ನೀರು, ಅರೆಹೊಟ್ಟೆ, ಒತ್ತಡ ಸೇರಿ ಬೆಳವಣಿಗೆ ಕುಂಠಿತವಾಗುತ್ತದೆ. ಮೀನು ತೊಟ್ಟಿಯನ್ನು ಅಳೆದು ನೋಡಿ ‘ಇಷ್ಟು ಸಾಕು’ ಎಂದು ತೀರ್ಮಾನಿಸುವುದಿಲ್ಲ.

ಅಂಗನವಾಡಿಯಲ್ಲಿ ಮಗುವಿನ ತೂಕ ಬೆಳವಣಿಗೆಯ ಪಟ್ಟಿಯಲ್ಲಿ ಕೆಳಗಿಳಿದರೆ ‘ಮನೆ ಚಿಕ್ಕದು, ಮಗು ಅದಕ್ಕೆ ಹೊಂದಿಕೊಂಡಿದೆ’ ಎಂದು ಯಾರಾದರೂ ಹೇಳುತ್ತಾರೆಯೇ? ಊಟ, ನೀರು, ಕಾಯಿಲೆಗಳ ಬಗ್ಗೆ ವಿಚಾರಿಸುತ್ತೇವೆ. ಮೀನಿನ ವಿಷಯದಲ್ಲಿ ಮಾತ್ರ ಕುಂಠಿತ ಬೆಳವಣಿಗೆಯನ್ನು ಹೊಂದಾಣಿಕೆ ಎಂದು ಕಲಿಸುತ್ತಿದ್ದೇವೆ. ಜೀವವಿಜ್ಞಾನದಲ್ಲಿ ‘ಹೊಂದಾಣಿಕೆ’ ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಅದನ್ನು ಹೀಗೆ ಸಡಿಲಿಸಿದರೆ ಮುಂದೆ ವಿಕಾಸದ ಪಾಠ ಮಾಡುವಾಗ ನಮಗೇ ತೊಂದರೆ.

ಆ ಶಾಲೆಯ ಮೀನನ್ನು ಮಕ್ಕಳು ವಾರಕ್ಕೊಮ್ಮೆ ಅಳೆದರು. ಪ್ಲೆಕೊ ಇದಕ್ಕೆ ಹೇಳಿ ಮಾಡಿಸಿದ ಮೀನು. ಬೇರೆ ಮೀನುಗಳು ಓಡಾಡುತ್ತವೆ. ನೀರಿನ ವಕ್ರೀಭವನದಿಂದ ಇದ್ದಕ್ಕಿಂತ ಹತ್ತಿರ ಕಾಣುತ್ತವೆ. ಇದು ಗಾಜಿಗೆ ಒತ್ತಿಕೊಂಡು ಕೂರುವುದರಿಂದ ಹೊರಗಡೆ ಅಂಟಿಸಿದ ಕಾಗದದ ಅಳತೆಪಟ್ಟಿಯಲ್ಲೇ ಉದ್ದ ಓದಬಹುದು. ಮೀನನ್ನು ಮುಟ್ಟಬೇಕಿಲ್ಲ, ನೀರಿನಿಂದ ತೆಗೆಯಬೇಕಿಲ್ಲ. ಹೊಟ್ಟೆ ಒಳಕ್ಕೆ ಹೋಗಿದೆಯೋ ತುಂಬಿಕೊಂಡಿದೆಯೋ ಎಂಬುದೂ ಕಾಣುತ್ತದೆ. ಅದೇ ಅವಧಿಯಲ್ಲಿ ಮಕ್ಕಳು ಪ್ರತಿ ವಾರ ತೊಟ್ಟಿಯ ಕಾಲುಭಾಗ ನೀರನ್ನು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು ತುಂಬಿದರು. ಬಿಸಿಯೂಟದ ಅಡುಗೆಮನೆಯಿಂದ ಸೌತೆಕಾಯಿ ಹೋಳು ತಂದು ಹಾಕಿದರು. ಮೊದಲ ವಾರ 19 ಸೆಂ.ಮೀ. ಇದ್ದದ್ದು ಹದಿನಾರನೇ ವಾರಕ್ಕೆ 21 ಆಯಿತು.

ಇದನ್ನು ನಿಯಂತ್ರಿತ ಪ್ರಯೋಗ ಎನ್ನಲಾಗದು. ಮೀನು ಒಂದೇ, ಆಹಾರ ಮತ್ತು ನೀರು ಎಂಬ ಎರಡು ಚರಾಂಶಗಳು ಒಟ್ಟಿಗೆ ಬದಲಾದವು. ಯಾವುದರ ಪಾಲು ಎಷ್ಟು ಎಂದು ಇದರಿಂದ ಹೇಳಲಾಗದು ಎಂಬುದನ್ನೂ ಮಕ್ಕಳೊಂದಿಗೆ ಚರ್ಚಿಸಿದೆ. ಆದರೆ ಒಂದು ಚರಾಂಶ ಮಾತ್ರ ಬದಲಾಗಿರಲಿಲ್ಲ. ಅದನ್ನು ಮೊದಲು ಗುರುತಿಸಿದ್ದು ಹಿಂದಿನ ಬೆಂಚಿನ ಹುಡುಗಿ: “ತೊಟ್ಟಿ ಬೆಳ್ದಿಲ್ಲ ಮಿಸ್, ಮೀನು ಬೆಳೀತಲ್ಲ!” ತಪ್ಪು ಪರಿಕಲ್ಪನೆಯನ್ನು ಶಿಕ್ಷಕರು ಅಳಿಸುವುದಕ್ಕಿಂತ ಮಕ್ಕಳ ಸ್ವಂತ ದತ್ತಾಂಶ ಅಳಿಸುವುದು ಎಷ್ಟು ಗಟ್ಟಿ ಎಂದು ಸಿದ್ಧಾಂತದ ಪತ್ರಿಕೆಗಳಲ್ಲಿ ಓದುತ್ತೇವೆ. ಈ ತೊಟ್ಟಿಯ ಮುಂದೆ ಅದನ್ನು ನೋಡಲು ಸಾಧ್ಯವಾಯಿತು.

ಕೆರೆಗೆ ಬಿಡುವ ಕರುಣೆ

ಮೀನು ದೊಡ್ಡದಾದ ಮೇಲೆ ಏನು ಮಾಡುವುದು? ಬಹಳ ಕಡೆ ಉತ್ತರ ಸಿದ್ಧವಾಗಿದೆ: “ಪಾಪ, ಕೆರೆಗೆ ಬಿಟ್ಟುಬಿಡಿ.” ಇದನ್ನು ಪ್ರಾಣಿದಯೆಯ ಪಾಠವಾಗಿ, ಮಕ್ಕಳ ಕೈಯಿಂದಲೇ ಮಾಡಿಸುವವರೂ ಇದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಪರಿಣಾಮ ಹಾಗಲ್ಲ.

ಹೊಂಡ, ಕೆರೆಗಳಲ್ಲಿ ಪ್ಲೆಕೊ ತನ್ನ ಪೂರ್ಣ ಅಳತೆಗೆ ಬೆಳೆಯಲು ಬೇಕಾದುದೆಲ್ಲ ಇದೆ. ತ್ಯಾಜ್ಯವನ್ನು ತೆಳುವಾಗಿಸುವಷ್ಟು ನೀರು, ಕಲ್ಲು ಮತ್ತು ಕೆಸರಿನ ಮೇಲೆ ದಿನವಿಡೀ ಪಾಚಿ, ಕೊಳೆತ ಸಸ್ಯಭಾಗ. ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯ ಮೂಲಕ ಆಮ್ಲಜನಕ ಹೀರಿಕೊಳ್ಳಬಲ್ಲದು. ಹಾಗಾಗಿ ಬೇರೆ ಮೀನುಗಳು ಸಾಯುವ ಕೊಳಕು ನೀರಿನಲ್ಲೂ ಬದುಕುತ್ತದೆ. ಚಳಿ ಹೆಚ್ಚಿರುವ ದೇಶಗಳಲ್ಲಿ ಚಳಿಗಾಲವೇ ಇದನ್ನು ತಡೆಯುತ್ತದೆ. ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಇದು ಬದುಕುವುದು ಕಷ್ಟ. ನಮ್ಮ ಬಯಲುಸೀಮೆಯ ಕೆರೆಗಳ ನೀರು ಅಷ್ಟು ತಣ್ಣಗಾಗುವುದಿಲ್ಲ.

ಗಂಡು ಮೀನುಗಳು ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಕಾಯುತ್ತವೆ. ಬಿಲ ಒಂದು ಮೀಟರಿನಷ್ಟು ಆಳಕ್ಕೂ ಹೋಗಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಇಂಥ ಬಿಲಗಳಿಂದ ಕಾಲುವೆ ಮತ್ತು ಕೊಳಗಳ ದಡ ಕುಸಿಯುವ ತೊಂದರೆ ಕಂಡುಬಂದಿದೆ. ಮೆಕ್ಸಿಕೊದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ತಿಲಾಪಿಯ ಹಿಡಿಯುತ್ತಿದ್ದ ಮೀನುಗಾರರ ಬಲೆಗಳಲ್ಲಿ ಪ್ಲೆಕೊಗಳೇ ತುಂಬತೊಡಗಿ ಅವರ ಜೀವನೋಪಾಯಕ್ಕೆ ಪೆಟ್ಟು ಬಿತ್ತು. ಅಲ್ಲಿ ಇದಕ್ಕೆ ‘ದೆವ್ವ ಮೀನು’ ಎಂಬ ಅರ್ಥದ ಹೆಸರೇ ಇದೆ. ಭಾರತದಲ್ಲೂ ಕೇರಳ, ಆಂಧ್ರಪ್ರದೇಶ, ಪೂರ್ವ ಕೋಲ್ಕತ್ತದ ಜೌಗುಪ್ರದೇಶಗಳಿಂದ ಇವು ನೆಲೆಯೂರಿದ ವರದಿಗಳಿವೆ. ಗಟ್ಟಿ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡು ಬಲೆ ಹರಿಯುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ.

ಕರ್ನಾಟಕದ ಮಟ್ಟಿಗೆ ಇದನ್ನು ಯೋಚಿಸಿ. ನಮ್ಮ ಹೆಚ್ಚಿನ ಕೆರೆಗಳ ಏರಿ ಮಣ್ಣಿನದು. ಒಂದು ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಸೇರಿ ಮುಂದಿನ ಕೆರೆಗೆ ಹೋಗುತ್ತದೆ. ನೀರಿನ ಜೊತೆ ಮೀನೂ ಹೋಗುತ್ತದೆ. ಆ ಕೆರೆಗಳಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ಬದುಕುವ ಕುಟುಂಬಗಳಿವೆ. ಒಂಬತ್ತನೇ ತರಗತಿಯಲ್ಲಿ ಮಿಶ್ರ ಮೀನು ಸಾಕಣೆಯ ಪಾಠ ಮಾಡುತ್ತೇವೆ: ಮೇಲ್ಪದರದಲ್ಲಿ ಕಾಟ್ಲಾ, ಮಧ್ಯದಲ್ಲಿ ರೋಹು, ತಳದಲ್ಲಿ ಮೃಗಾಲ್, ಯಾರ ಅನ್ನಕ್ಕೂ ಯಾರೂ ಕೈಹಾಕುವುದಿಲ್ಲ ಎಂದು ವಿವರಿಸುತ್ತೇವೆ. ಅದೇ ಶಾಲೆಯಿಂದ ತಳದ ಅನ್ನಕ್ಕೆ ಕೈಹಾಕುವ ಮೀನನ್ನು ಕೆರೆಗೆ ಕಳುಹಿಸಿದರೆ ಆ ಪಾಠಕ್ಕೆ ಏನು ಬೆಲೆ?

ಸಂವಿಧಾನದ 51ಎ (ಜಿ) ವಿಧಿಯ ಮೂಲಭೂತ ಕರ್ತವ್ಯವನ್ನು ಬಿ.ಎಡ್. ಪ್ರವೇಶಿಸಿದ ವರ್ಷದಿಂದ ಓದುತ್ತಿದ್ದೇವೆ. ಅದರಲ್ಲಿ ಜೀವಿಗಳ ಬಗ್ಗೆ ಅನುಕಂಪವೂ ಇದೆ, ಕೆರೆ-ನದಿಗಳ ರಕ್ಷಣೆಯೂ ಇದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ ಎಂಬುದೇ ಪ್ರಶ್ನೆ. ಒಂದು ಮೀನಿನ ಮೇಲಿನ ಕರುಣೆ ಸಾವಿರ ಮೀನುಗಳ ನೆಲೆ ಕಸಿದರೆ ಅದು ಕರುಣೆಯಲ್ಲ. ಹಾಗೆಂದು ಮಕ್ಕಳ ಮುಂದೆ ಈ ಮೀನನ್ನು ರಾಕ್ಷಸನಂತೆ ಚಿತ್ರಿಸುವುದೂ ತಪ್ಪು. ಅಮೆಜಾನ್ ತನ್ನ ಮನೆ. ಅದು ತಾನಾಗಿ ಇಲ್ಲಿಗೆ ಬಂದಿಲ್ಲ, ನಾವು ಕೊಂಡು ತಂದೆವು.

ಪಾಠಯೋಜನೆಯಲ್ಲಿ ಒಂದು ಸಾಲು

ಜೀವಂತ ಬೋಧನೋಪಕರಣಕ್ಕೆ ನಮ್ಮ ಪಾಠ ವೀಕ್ಷಣೆಯಲ್ಲಿ ಒಳ್ಳೆಯ ಮನ್ನಣೆ ಇದೆ. ಇರಲಿ. ಆದರೆ ಪಾಠಯೋಜನೆಯ ನಮೂನೆಯಲ್ಲಿ ಅದರ ಮುಂದಿನ ಗತಿಗೆ ಜಾಗವಿಲ್ಲ. ನಲವತ್ತು ನಿಮಿಷದ ಅವಧಿ ಮುಗಿಯುತ್ತದೆ, ಇಂಟರ್ನ್‌ಶಿಪ್ ಮುಗಿಯುತ್ತದೆ, ನಾವು ಹೊರಟುಬಿಡುತ್ತೇವೆ. ಹದಿನೈದು ವರ್ಷ ಬದುಕಬಲ್ಲ ಮೀನು ಅಲ್ಲೇ ಉಳಿಯುತ್ತದೆ.

ಆದ್ದರಿಂದ ನಮ್ಮ ಕಾಲೇಜಿನ ನಮೂನೆಗೆ ಒಂದು ಸಾಲು ಸೇರಿಸಬೇಕೆಂದು ಪ್ರಾಧ್ಯಾಪಕರಲ್ಲಿ ವಿನಂತಿಸುತ್ತೇನೆ. ‘ಜೀವಂತ ಮಾದರಿ ಇದ್ದಲ್ಲಿ: ಪೂರ್ಣ ಬೆಳೆದಾಗಿನ ಅಳತೆ, ಆಯುಸ್ಸು, ಪಾಠದ ನಂತರದ ವ್ಯವಸ್ಥೆ.’ ಇದನ್ನು ತುಂಬಲು ಆಗದಿದ್ದರೆ ಆ ಮಾದರಿ ತರಬಾರದು. ಪ್ಲೆಕೊ ಬದಲಿಗೆ ತೊಟ್ಟಿಯ ಗಾತ್ರಕ್ಕೆ ಒಗ್ಗುವ ಸಣ್ಣ ಮೀನನ್ನೋ ವಿಡಿಯೊವನ್ನೋ ರಟ್ಟಿನ ಮೀನನ್ನೋ ಬಳಸಬಹುದು. ರಟ್ಟಿನ ಮೀನು ಎಷ್ಟು ಕಲಿಸಬಲ್ಲದು ಎಂದು ಮೇಲೆ ಹೇಳಿದ್ದೇನೆ.

ಶಾಲೆಯಲ್ಲಿ ಆಗಲೇ ಪ್ಲೆಕೊ ಇದ್ದರೆ ಅದನ್ನು ಚೆನ್ನಾಗಿ ಸಾಕಬೇಕು, ಅಳೆಯಬೇಕು, ಗ್ರಾಫ್ ಬರೆಯಬೇಕು. ಮೀರಿ ಬೆಳೆದಾಗ ದೊಡ್ಡ ತೊಟ್ಟಿ ಇರುವವರಿಗೆ ಕೊಡಬಹುದು, ಮರಳಿ ತೆಗೆದುಕೊಳ್ಳುವ ಅಂಗಡಿಗೆ ಒಪ್ಪಿಸಬಹುದು. ಹೊರಹರಿವು ಇಲ್ಲದ ಸಿಮೆಂಟ್ ತೊಟ್ಟಿಯಾದರೂ ಆದೀತು. ಮಳೆಗೆ ತುಂಬಿ ಹರಿಯುವ ಕೃಷಿ ಹೊಂಡ ಬೇಡ. ಯಾವ ದಾರಿಯೂ ಇಲ್ಲದಿದ್ದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಬೇಕು. ಕೆರೆ, ಬಾವಿ, ಕಲ್ಯಾಣಿ, ಹೊಳೆ ಯಾವುದೂ ಇದಕ್ಕೆ ಉತ್ತರವಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವು ಸಹಪಾಠಿಗಳಿಗೆ ಅನ್ನಿಸಬಹುದು. ಸರ್ಕಾರಿ ಶಾಲೆಯ ಮಕ್ಕಳಿಗೆ ಆ ತೊಟ್ಟಿ ಒಂದು ಸಂತೋಷ, ಅದನ್ನೂ ಕಿತ್ತುಕೊಳ್ಳಬೇಕೇ ಎಂದೂ ಕೇಳಬಹುದು. ಸಂತೋಷ ಇರಲಿ, ತೊಟ್ಟಿಯೂ ಇರಲಿ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ನಮ್ಮ ಶಾಲೆಗಳಲ್ಲಿ ಆ ಜೋಡಣೆ ಬೇಡದ ರೀತಿಯಲ್ಲಿ ಆಗಲೇ ನಡೆದಿದೆ. ತೊಟ್ಟಿಯ ಮೀನು ಕೆರೆ ಸೇರುತ್ತಿದೆ. ಅದನ್ನು ನಿಲ್ಲಿಸುವ ಕೆಲಸ ಅಂಗಡಿಯಲ್ಲಿ ಮರಿ ಕೊಳ್ಳುವ ಮೊದಲು, “ಇದು ದೊಡ್ಡದಾದ್ರೆ ಎಷ್ಟಾಗುತ್ತೆ?” ಎಂದು ಕೇಳುವ ಅಭ್ಯಾಸದಿಂದ ಶುರುವಾಗುತ್ತದೆ. ಆ ಅಭ್ಯಾಸ ಮಕ್ಕಳಿಗೆ ಬರಬೇಕಾದರೆ ಮೊದಲು ನಮ್ಮ ಪಾಠಯೋಜನೆಗೆ ಬರಬೇಕು.